ಚಿನ್ನದ ನಾಡಿಗೆ ಹಾಲಿನ ನಾಡಿನ ಕೊಡುಗೆ

ಕೋಲಾರದ ಚಿನ್ನದ ಗಣಿಗಳಿಂದ ಹೊರಗೆ ಹೋದದ್ದೆಷ್ಟು ಎಂಬ ಲೆಕ್ಕ ಸ್ಥೂಲವಾಗಿಯಾದರೂ ಎಲ್ಲರಿಗೂ ತಿಳಿದದ್ದೇ. ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಬಾಗಿಲು ಹಾಕಿಕೊಂಡ ತನಕ, ನೂರಿಪ್ಪತ್ತು ವರ್ಷಗಳ ಅವಧಿಯಲ್ಲಿ, ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳಿಂದ ಸುಮಾರು 800 ಟನ್ ಬಂಗಾರ ಮೇಲಕ್ಕೆ ಬಂದಿತು. ಬಂದದ್ದು ಇಲ್ಲಿ ನಿಲ್ಲಲಿಲ್ಲ. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗಳವರೆಗೆ 1894ರಲ್ಲಿ ಹಾಕಿದ ಹದಿನಾರು ಕಿಲೋಮೀಟರಿನಷ್ಟು ಕಿರಿದಾದ ರೈಲುದಾರಿಯೇ ಈ ಜಿಲ್ಲೆಯ ಸಂಪತ್ತು ಹೊರಜಗತ್ತಿಗೆ ಹರಿದ ಕಾಲುವೆ. ಕಂಪನಿಗಳ ಕಾಲದಲ್ಲಿ ಅದು ಇಂಗ್ಲೆಂಡಿನ ಷೇರುದಾರರ ಪಾಲಾಯಿತು. ಮೈಸೂರು ಸಂಸ್ಥಾನಕ್ಕೆ ದಕ್ಕಿದ ರಾಜಧನ ನೂರಕ್ಕೆ ಐದರಂತೆ.

ಅನಂತರದ ಕಥೆ ಇನ್ನೂ ವಿಚಿತ್ರವಾದದ್ದು. 1956ರ ನವೆಂಬರಿನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರ ಡಿಸೆಂಬರಿನಲ್ಲಿ ಅವು ಕೇಂದ್ರ ಸರ್ಕಾರದ ಕೈಸೇರಿದವು. ದೇಶಕ್ಕೆ ವಿದೇಶೀ ವಿನಿಮಯದ ಬರಗಾಲವಿದ್ದ ದಿನಗಳವು. ಗಣಿಯ ಬಂಗಾರವನ್ನು ಕೇಂದ್ರ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬೆಲೆಗೆ, ಎಂದರೆ ಔನ್ಸಿಗೆ 35 ಡಾಲರಿನಂತೆ, ತೆಗೆದುಕೊಳ್ಳತೊಡಗಿತು. ಆಗಿನ ವಿನಿಮಯ ದರದಲ್ಲಿ ಒಂದು ತೊಲಕ್ಕೆ ಅರವತ್ತೆರಡೂವರೆ ರೂಪಾಯಿ. ಅದೇ ತೊಲಕ್ಕೆ ಮುಂಬಯಿಯ ಚಿನಿವಾರ ಪೇಟೆಯಲ್ಲಿ ನೂರು ರೂಪಾಯಿಗೂ ಮೀರಿದ ಬೆಲೆ ಇತ್ತು. ಒಂದೂವರೆ ಮೈಲಿಗೂ ಹೆಚ್ಚು ಆಳದಲ್ಲಿ, ಸುಡುವ ಬಂಡೆಯ ನಡುವೆ ಬೆವರು ಸುರಿಸಿದವರ ಗಣಿ ಪುಸ್ತಕದಲ್ಲಿ ನಷ್ಟದ ಗಣಿಯಾಯಿತು. ದೇಶದ ಬೊಕ್ಕಸಕ್ಕೆ ಮಾತ್ರ ಬಂಗಾರ ಸೇರಿತು. ಹೊರದೇಶಗಳ ಮುಂದೆ ಭಾರತದ ಮಾನ ಕಾಯಲು ಕೋಲಾರ ಜಿಲ್ಲೆ ಸದ್ದಿಲ್ಲದೆ ಸಲ್ಲಿಸಿದ ಕಾಣಿಕೆ ಇದು ಎಂದರೆ ಅತಿಶಯೋಕ್ತಿಯಲ್ಲ.

ಹಾಗಾದರೆ ಹೊರಗಿನಿಂದ ಈ ಸೀಮೆಗೆ ಬಂದದ್ದೇನು? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಉತ್ತರ ಹುಡುಕಹೊರಟರೆ ಅಮೆರಿಕ, ರಷ್ಯಗಳಂಥ ಮಹಾರಾಷ್ಟ್ರಗಳ ಹೆಸರಿಗಿಂತ ಮೊದಲು ಎದುರಾಗುವುದು ಭೂಪಟದಲ್ಲಿ ಹೆಬ್ಬೆರಳಿನಿಂದ ಮುಚ್ಚಿಬಿಡಬಹುದಾದ ಒಂದು ದೇಶ, ಡೆನ್ಮಾರ್ಕ್. ಅದರ ವಿಸ್ತೀರ್ಣ ಸುಮಾರು 43,000 ಚದರ ಕಿಲೋಮೀಟರು. ಕರ್ನಾಟಕದ ಕಾಲುಭಾಗವೂ ಇಲ್ಲ. 1960ರಲ್ಲಿ ಅಲ್ಲಿದ್ದ ಜನ ನಲವತ್ತಾರು ಲಕ್ಷ. ಚಿನ್ನದ ಗಣಿ ಅಲ್ಲಿಲ್ಲ, ಕಲ್ಲಿದ್ದಲಿಲ್ಲ, ಹೇಳಿಕೊಳ್ಳುವಂಥ ಬೆಟ್ಟವೂ ಇಲ್ಲ. ಹಸು ಉಂಟು, ಬೆಣ್ಣೆ ಉಂಟು, ಹಾಲನ್ನು ಸಹಕಾರದಿಂದ ಮಾರುವ ವಿದ್ಯೆ ಉಂಟು. ಅಲ್ಲಿನ ರೈತರು ತಮ್ಮ ಮೊದಲ ಸಹಕಾರೀ ಬೆಣ್ಣೆ ಕಾರ್ಖಾನೆಯನ್ನು ಕಟ್ಟಿದ್ದು 1882ರಲ್ಲಿ, ಕೋಲಾರದಲ್ಲಿ ಟೇಲರ್ ಕಂಪನಿ ಸುರಂಗ ತೋಡುತ್ತಿದ್ದ ಕಾಲಕ್ಕೇ.

ಭಾರತಕ್ಕೆ ಡೇನರು ಹೊಸಬರೇನೂ ಅಲ್ಲ. 1620ರಲ್ಲಿ ತಂಜಾವೂರಿನ ಕರಾವಳಿಯ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿ ವ್ಯಾಪಾರ ಹೂಡಿದ್ದವರು, 1845ರಲ್ಲಿ ಅದನ್ನು ಇಂಗ್ಲಿಷರಿಗೆ ಮಾರಿ ಗಂಟು ಕಟ್ಟಿದರು. ಅವರು ಮರಳಿ ಬಂದದ್ದು ಬೇರೆ ವೇಷದಲ್ಲಿ.

ಕೆಮ್ಮಿನ ಊರು

ಶ್ರೀನಿವಾಸಪುರದ ಗಡಿ ದಾಟಿ ಆಂಧ್ರದೊಳಕ್ಕೆ ಹೋದರೆ ಮದನಪಲ್ಲಿ. ಅದರ ಪಕ್ಕದ ಆರೋಗ್ಯವರಂನಲ್ಲಿ 1915ರಲ್ಲಿ ಕ್ಷಯರೋಗಿಗಳಿಗಾಗಿ ಒಂದು ಆರೋಗ್ಯಧಾಮ ತೆರೆಯಿತು. ಅದನ್ನು ಕಟ್ಟಿ ಬೆಳೆಸಿದವರು ಕ್ರಿಶ್ಚಿಯನ್ ಫ್ರಿಮೊಟ್-ಮೋಲರ್ ಎಂಬ ಡೇನಿಷ್ ವೈದ್ಯರು. ಅವರ ಬಳಿಕ ಅದರ ಹೊಣೆ ಹೊತ್ತವರು ಅವರ ಮಗ ಯೊಹಾನೆಸ್. ಕೋಲಾರ, ಚಿತ್ತೂರು, ಉತ್ತರ ಆರ್ಕಾಟಿನ ಸೀಮೆಗೆಲ್ಲ ಕ್ಷಯವೆಂದರೆ ಮದನಪಲ್ಲಿ ಎಂಬಷ್ಟು ಆ ಊರಿನ ಹೆಸರು ಹಬ್ಬಿತ್ತು. ಚಿನ್ನದ ಗಣಿಯ ಕೂಲಿಗಾರರಿಗೆ ಈ ರೋಗ ದೂರದ್ದಾಗಿರಲಿಲ್ಲ. ಬಿಳಿಗಲ್ಲನ್ನು ಕೊರೆವಾಗ ಏಳುವ ಧೂಳು ಶ್ವಾಸಕೋಶದಲ್ಲಿ ಕುಳಿತರೆ ಅದು ಸಿಲಿಕೋಸಿಸ್. ಸಿಲಿಕೋಸಿಸ್ ಹಿಡಿದ ಶ್ವಾಸಕೋಶ ಕ್ಷಯದ ಕ್ರಿಮಿಗೆ ಬಾಗಿಲು ತೆರೆದಿಟ್ಟ ಮನೆ. ಲೈನು ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವಾಗ ಒಬ್ಬನ ಕೆಮ್ಮು ಒಬ್ಬನದಾಗಿಯೇ ಉಳಿಯುವುದುಂಟೇ?

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡೆನ್ಮಾರ್ಕಿನ ರೆಡ್‌ಕ್ರಾಸ್ ಸಂಸ್ಥೆ, ಸ್ವೀಡನ್ ಮತ್ತು ನಾರ್ವೆಗಳ ಜನರೊಡನೆ ಕೂಡಿಕೊಂಡು, ಮಕ್ಕಳಿಗೆ ಬಿ.ಸಿ.ಜಿ. ಚುಚ್ಚುಮದ್ದು ಹಾಕುವ ಮಹಾ ಆಂದೋಲನವನ್ನು ಯುನಿಸೆಫ್ ಸಂಸ್ಥೆಯ ನೆರವಿನಿಂದ ಹಲವು ದೇಶಗಳಲ್ಲಿ ಕೈಗೊಂಡಿತು. ಡೆನ್ಮಾರ್ಕ್ ಮತ್ತು ನಾರ್ವೆ ಯುದ್ಧದಲ್ಲಿ ತಾವೇ ನೊಂದು, ಅಮೆರಿಕದ ಮಾರ್ಷಲ್ ನೆರವಿನಿಂದ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ ದೇಶಗಳು ಎಂಬುದನ್ನು ಗಮನಿಸಬೇಕು. ಭಾರತದಲ್ಲಿ ಬಿ.ಸಿ.ಜಿ.ಯ ಮೊದಲ ಪ್ರಯೋಗ ನಡೆದದ್ದು 1948ರ ಆಗಸ್ಟ್ ತಿಂಗಳಲ್ಲಿ, ಇದೇ ಮದನಪಲ್ಲಿಯಲ್ಲಿ.

ಆಂದೋಲನ ನಿರ್ವಿಘ್ನವಾಗಿ ಸಾಗಲಿಲ್ಲ. 1955ರಲ್ಲಿ ರಾಜಾಜಿಯವರಂಥ ಹಿರಿಯರೇ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಇನ್ನೂ ಸಂದೇಹವಿರುವ ಮದ್ದನ್ನು ಕೋಟಿಗಟ್ಟಲೆ ಮಕ್ಕಳ ಮೈಗೆ ಚುಚ್ಚುವುದೇಕೆ ಎಂಬುದು ಅವರ ವಾದವಾಗಿತ್ತು. ಅಂದು ಅದು ಹಳಬರ ಹಟದಂತೆ ಹಲವರಿಗೆ ಕಂಡಿತು. ಆದರೆ 1968ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಆರಂಭಿಸಿದ ಬೃಹತ್ ಪರೀಕ್ಷೆಯ ಫಲ ಹೊರಬಿದ್ದಾಗ, ವಯಸ್ಕರ ಶ್ವಾಸಕೋಶದ ಕ್ಷಯವನ್ನು ಆ ಚುಚ್ಚುಮದ್ದು ತಡೆಯಲಿಲ್ಲವೆಂದು ತಿಳಿಯಿತು. ಎಳೆಯ ಮಕ್ಕಳನ್ನು ಕ್ಷಯದ ಘೋರ ರೂಪಗಳಿಂದ ಅದು ಕಾಪಾಡುತ್ತದೆಂಬ ಕಾರಣಕ್ಕೆ ಇಂದಿಗೂ ಹುಟ್ಟಿದ ಕೂಸಿಗೆ ಹಾಕುತ್ತಾರೆ. ಕೊಟ್ಟವರ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಕೊಟ್ಟ ಮದ್ದು ಪೂರ್ತಿ ಫಲಿಸಬೇಕೆಂಬ ನಿಯಮವಿಲ್ಲವಷ್ಟೆ.

ಡೆನ್ಮಾರ್ಕಿನಿಂದ ಬಂದ ನಿಜವಾದ ಉಪಕಾರ ಬೇರೊಂದು ದಾರಿಯಲ್ಲಿ ಆಯಿತು. ಹಾಫ್‌ಡಾನ್ ಮಾಲರ್ ಎಂಬ ತರುಣ ಡೇನಿಷ್ ವೈದ್ಯರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತಕ್ಕೆ ಬಂದು ಹತ್ತು ವರ್ಷ ಇಲ್ಲಿ ದುಡಿದರು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಹುಟ್ಟಿನಲ್ಲಿ ಅವರ ಪಾಲು ಹಿರಿದು. ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಗೇ ಮಹಾನಿರ್ದೇಶಕರಾದವರು ಇವರೇ. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಹಳೆಯ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ಗಾಡಿಗಳನ್ನು ಅವರ ಬಾಗಿಲಿಗೇ ಓಡಿಸಬೇಕು ಎಂದು ಎಲ್ಲರೂ ನಂಬಿದ್ದರು. ವಿಚಾರಿಸಿ ನೋಡಿದರೆ, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾವಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಕೆಮ್ಮಿನ ನೀರೌಷಧಿಯ ಸೀಸೆಯೊಂದಿಗೆ ಹಿಂದಕ್ಕೆ ಕಳುಹಿಸಲ್ಪಟ್ಟಿದ್ದರು. ಕೊರತೆ ಇದ್ದದ್ದು ಜನರ ತಿಳಿವಳಿಕೆಯಲ್ಲಲ್ಲ, ಔಷಧಾಲಯದ ಕಿಟಕಿಯಲ್ಲಿ! ದುಬಾರಿ ಯಂತ್ರಗಳ ಬದಲು ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡಿ ಮನೆಯಲ್ಲೇ ಮದ್ದು ಕೊಡುವ ಪದ್ಧತಿ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಿಂದ ಬೇರೂರಿತು. ಹೊರದೇಶದ ನೆರವೆಂಬ ದೊಡ್ಡ ಕಡತದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ದೂರ ಹೋದ ಪುಟ ಮತ್ತೊಂದು ಸಿಕ್ಕುವುದು ಕಷ್ಟ.

ಸೀಮೆಹಸುವಿನ ಪ್ರವೇಶ

ಡೆನ್ಮಾರ್ಕಿನ ಸರ್ಕಾರ ಪರದೇಶಗಳಿಗೆ ನೆರವು ನೀಡಲೆಂದೇ 1962ರಲ್ಲಿ ಒಂದು ಕಾಯಿದೆ ಮಾಡಿತು. ಡಾನಿಡಾ ಎಂಬ ಹೆಸರು ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮನೆಮಾತಾದದ್ದು ಅನಂತರ. ಕೊಡುವಾತ ತನಗೆ ಬಲ್ಲ ವಿದ್ಯೆಯನ್ನೇ ಕೊಡುತ್ತಾನೆ. ನಾರ್ವೆಯವರು ಮೀನುಗಾರರು, ಅವರು 1952ರ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಯಂತ್ರದ ದೋಣಿ ಇಳಿಸಿದರು, ಮುಂದೆ ಕಾರವಾರಕ್ಕೂ ಬಂದರು. ಸ್ವಿಟ್ಜರ್ಲೆಂಡಿನವರು ಬೆಟ್ಟದ ಹಸು ಸಾಕುವವರು; ಅವರು 1963ರಲ್ಲಿ ಮುನ್ನಾರ್ ಬಳಿಯ ಮಾಟುಪೆಟ್ಟಿಗೆ ತಮ್ಮ ಕಂದು ಹೋರಿಗಳನ್ನು ತಂದರು. ಡೇನರು ಹೆಸರಘಟ್ಟಕ್ಕೆ ಬಂದರು.

ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸ್ಥಾಪನೆಯಾದ ಕೇಂದ್ರ, ಹೋರಿಯ ವೀರ್ಯವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಘನೀಕರಿಸಿ ವರ್ಷಗಟ್ಟಲೆ ಕಾಪಿಡುವ ವಿದ್ಯೆಯನ್ನು ಈ ದೇಶದ ಪಶುವೈದ್ಯರಿಗೆ ಕಲಿಸಿತು. ಹಳ್ಳಿಗೆ ಹೋರಿ ಬರಬೇಕಾಗಿಲ್ಲ, ಪೆನ್ಸಿಲಿಗಿಂತ ಸಣ್ಣದಾದ ಒಂದು ಕಡ್ಡಿ ಬಂದರೆ ಸಾಕು. ಹಳ್ಳೀಕಾರಿನಂಥ ನಾಟಿ ದನ ನೊಗಕ್ಕೆ, ಬಂಡಿಗೆ ಹೆಸರಾದದ್ದೇ ಹೊರತು ಕೊಡಕ್ಕಲ್ಲ. ಹೊತ್ತಿಗೆ ಒಂದೆರಡು ಸೇರು ಹಾಲು ಕರೆದರೆ ಅದೇ ಹೆಚ್ಚು. ಮಿಶ್ರತಳಿಯ ಹಸು ಅದರ ಹಲವು ಪಟ್ಟು ಕರೆಯಿತು. ಕೋಲಾರದ ಜನ ಅದನ್ನು ಕರೆದದ್ದು ‘ಸೀಮೆಹಸು’ ಎಂದು.

ಕಡ್ಡಿಯೊಂದೇ ಕ್ರಾಂತಿ ಮಾಡಲಿಲ್ಲ. ವಿಶ್ವಬ್ಯಾಂಕಿನ ಸಾಲದಿಂದ 1974ರಲ್ಲಿ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಕಟ್ಟುವ ಕೆಲಸ ಆರಂಭವಾಯಿತು. ಕೋಲಾರ ಅದರಲ್ಲಿ ಸೇರಿತ್ತು. ಎರಡೂ ಕೂಡಿದ್ದರಿಂದಲೇ ಫಲ ಬಂತು. ವರ್ಷಕ್ಕೆ ಮೂವತ್ತು ಅಂಗುಲವೂ ಮಳೆ ಬೀಳದ, ತುಂಬಿ ಹರಿವ ನದಿಯಿಲ್ಲದ, ಪಾಲಾರಿನ ಹೆಸರಷ್ಟೇ ಉಳಿದಿರುವ ಈ ಸೀಮೆಯಲ್ಲಿ ರಾಗಿ ಕೈಕೊಟ್ಟ ವರ್ಷವೂ ವಾರದ ಬಟವಾಡೆ ತಪ್ಪದಂತೆ ಮಾಡಿದ್ದು ಹಸು. ಡೈರಿಯ ಮುಂದೆ ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಸಾಲಾಗಿ ನಿಲ್ಲುವ ಹೆಣ್ಣುಮಕ್ಕಳ ಕೈಗೆ ಮೊದಲ ಬಾರಿಗೆ ಅವರದೇ ಎನ್ನಬಹುದಾದ ದುಡ್ಡು ಬಂತು.

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಸೀಮೆಹಸುವಿಗೆ ಹಸಿಹುಲ್ಲು ಬೇಕು, ಹಿಂಡಿ ಬೂಸ ಬೇಕು, ನಾಟಿ ದನಕ್ಕಿಂತ ಹೆಚ್ಚು ನೀರು ಬೇಕು. ಹುಲ್ಲಿಗೆ ನೀರೆಂದರೆ ಕೊಳವೆ ಬಾವಿ. ದಾನವೆಂಬುದು ಪೂರ್ತಿ ದಾನವೂ ಆಗಿರಲಿಲ್ಲ. ಡೆನ್ಮಾರ್ಕ್ ಕೊಟ್ಟ ಸಾಲದ ಬಹುಪಾಲು ಹಣದಲ್ಲಿ ಕೊಳ್ಳುವ ಯಂತ್ರ ಡೆನ್ಮಾರ್ಕಿನದೇ ಆಗಿರಬೇಕೆಂಬ ಷರತ್ತು ಬಹಳ ಕಾಲ ಇತ್ತು. ಮದುವೆಗೆ ಮುಯ್ಯಿ ಹಾಕಿ, ಸೀರೆಯನ್ನು ನಮ್ಮ ಅಂಗಡಿಯಲ್ಲೇ ಕೊಳ್ಳಿ ಎಂದಂತೆ. ಆದರೂ ದೊಡ್ಡವರ ನೆರವಿನೊಡನೆ ಹೋಲಿಸಿದರೆ ಇದು ವಾಸಿ. 1983ರಿಂದ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ ಜಿಲ್ಲೆಯ ರಾಗಿ ಹೊಲಗಳು ಎಕರೆಗಟ್ಟಲೆ ನೀಲಗಿರಿ ತೋಪುಗಳಾದವು. ಉರುವಲು ಸಿಕ್ಕೀತೆಂದು ಕಾದವರಿಗೆ ಸಿಕ್ಕದೆ ಮರ ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೆ ಹೋಯಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಗಿ ಬಂತು.

ಆದ್ಯತೆಯ ಮಾತು

ಸಣ್ಣ ದೇಶದ ಕೈಚೀಲವೂ ಸಣ್ಣದು. ಆದ್ದರಿಂದ ಎಲ್ಲಿ ಕೊಡಬೇಕು, ಯಾರಿಗೆ ಕೊಡಬೇಕು ಎಂಬ ಆಯ್ಕೆ ಅದಕ್ಕೆ ದೊಡ್ಡ ದೇಶಕ್ಕಿಂತ ಕಠಿಣ. ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ವರಮಾನದ ನೂರಕ್ಕೆ 0.7 ಭಾಗವನ್ನು, ಅಂದರೆ ಸಾವಿರ ರೂಪಾಯಿಗೆ ಏಳು ರೂಪಾಯಿಯನ್ನು, ಬಡದೇಶಗಳಿಗೆ ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1970ರ ಅಕ್ಟೋಬರ್ 24ರಂದು ಗೊತ್ತುವಳಿ ಮಾಡಿತು. ಅಮೆರಿಕ ಆ ಗುರಿಯ ಹತ್ತಿರಕ್ಕೂ ಸುಳಿಯಲಿಲ್ಲ. ಡೆನ್ಮಾರ್ಕ್ 1978ರಲ್ಲಿ ಮುಟ್ಟಿತು. ಅಷ್ಟಕ್ಕೇ ತೃಪ್ತಿಪಡದೆ 1992ರ ವೇಳೆಗೆ ನೂರಕ್ಕೆ ಒಂದಕ್ಕೆ ಏರಿಸಿತು.

1980ರ ದಶಕದಿಂದ ಅವರ ಒಲವು ಹಳ್ಳಿಯ ಬಡವರತ್ತ, ಅದರಲ್ಲೂ ಹೆಂಗಸರತ್ತ ತಿರುಗಿತು. 1982ರಲ್ಲಿ ಕರ್ನಾಟಕದಲ್ಲಿ ಆರಂಭವಾದ ರೈತ ಮಹಿಳೆಯರ ತರಬೇತಿ ಯೋಜನೆಯನ್ನು ಕೃಷಿ ಇಲಾಖೆಯವರು ‘ವೈಟೆಪ್’ ಎಂದು ಕರೆಯುತ್ತಿದ್ದರು. ಅದಕ್ಕೂ ಮೊದಲು ಇಲಾಖೆಯ ದೃಷ್ಟಿಯಲ್ಲಿ ರೈತನೆಂದರೆ ಗಂಡಸೇ. ಬಿತ್ತನೆ, ಕಳೆ, ಕಟಾವು, ಬೀಜ ಕಾಪಿಡುವುದು ಎಲ್ಲ ಹೆಂಗಸಿನ ಕೈಯಲ್ಲಿದ್ದರೂ ತರಬೇತಿಗೆ ಹೋಗಿ ಭತ್ಯ ಪಡೆದು ಬರುತ್ತಿದ್ದವನು ಯಜಮಾನ. ಮನೆ, ಮಕ್ಕಳು, ದನಕರು ಬಿಟ್ಟು ಹತ್ತು ದಿನ ತರಬೇತಿ ಕೇಂದ್ರದಲ್ಲಿ ತಂಗುವುದೆಂದರೆ ಹಳ್ಳಿಯ ಸೊಸೆಗೆ ಅದೊಂದು ಸಾಹಸವೇ ಸರಿ. ಯೋಜನೆ ಕ್ರಮೇಣ ರಾಜ್ಯದಲ್ಲೆಲ್ಲ ಹರಡಿತು. ಕುರುಡುತನ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮಕ್ಕೂ ಡೆನ್ಮಾರ್ಕ್ 1978ರಿಂದ ನೆರವಾಯಿತು. ಪೊರೆ ಬಂದ ಕಣ್ಣಿನ ಎಷ್ಟೋ ಮುದುಕ ಮುದುಕಿಯರು ಆ ದೇಶದ ಹೆಸರು ಕೇಳದೆಯೇ ಅದರ ಉಪಕಾರ ಪಡೆದರು.

1990ರ ದಶಕದಲ್ಲಿ ಕೋಲಾರ, ಚಿತ್ರದುರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕುಡಿಯುವ ನೀರು ಮತ್ತು ನೈರ್ಮಲ್ಯದ ಯೋಜನೆಯನ್ನು ಡಾನಿಡಾ ವಹಿಸಿಕೊಂಡಿತು. ಕೋಲಾರಕ್ಕೆ ಇದಕ್ಕಿಂತ ಮಿಗಿಲಾದ ಆದ್ಯತೆ ಇರಲಾರದು. ಇಲ್ಲಿನ ನೀರಿನ ದುಃಖ ಎರಡು ಬಗೆಯದು: ಒಂದು, ನೀರು ಇಲ್ಲದಿರುವುದು, ಇನ್ನೊಂದು, ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು. ಆಳಕ್ಕೆ ಇಳಿದಷ್ಟೂ ಹಲ್ಲಿಗೆ ಕಂದು ಬಣ್ಣ, ಮೂಳೆಗೆ ನೋವು. ನೂರಾರು ವರ್ಷ ಕೆರೆಗಳನ್ನು ನಂಬಿ ಬದುಕಿದ ಜಿಲ್ಲೆ ಕೆರೆಗಳ ಹೂಳು ತೆಗೆಯುವುದನ್ನು ಮರೆತು ಕೊಳವೆ ಬಾವಿಯನ್ನು ನೆಚ್ಚಿತು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿಗೂ ಮೀರಿ ಇಳಿಯಿತು. ಹತ್ತು ಸಾವಿರ ಅಡಿ ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಒಸರುವ ನೀರನ್ನು ಹಗಲಿರುಳು ಮೇಲೆತ್ತಿ ಹೊರಗೆ ಚೆಲ್ಲುತ್ತಿದ್ದ ಕಾಲದಲ್ಲೇ, ಕೆಲವೇ ಹರದಾರಿ ದೂರದ ರೈತ ಭೂಮಿಯನ್ನು ಕೊರೆಕೊರೆದು ಒಣ ಧೂಳನ್ನು ಕಾಣುತ್ತಿದ್ದ. ಯಾವ ದೇಶದ ನೆರವಿನ ನಲ್ಲಿಯಾದರೂ ಭೂಮಿಯೊಳಗೆ ಇಲ್ಲದ ನೀರನ್ನು ಎಲ್ಲಿಂದ ತಂದೀತು?

ಹಣಕ್ಕಿಂತ ಉಪಾಯ ದೊಡ್ಡದೆಂಬುದಕ್ಕೆ ಸಾಕ್ಷಿ ಬಂಗಾರಪೇಟೆಯಲ್ಲೇ ಇದೆ. ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1968ರಲ್ಲಿ ಹುಟ್ಟಿದ ಮೈರಾಡ ಎಂಬ ಸಂಸ್ಥೆ ಮುಂದೆ ಹಳ್ಳಿಗರ ಕೆಲಸಕ್ಕೆ ಇಳಿಯಿತು. ಗುಲ್ಬರ್ಗದಲ್ಲಿ ಜಲಾನಯನದ ಕೆಲಸಕ್ಕೆ ಅದರೊಂದಿಗೆ ಕೈಜೋಡಿಸಿದ್ದು ಮತ್ತೊಂದು ಸಣ್ಣ ದೇಶ, ಸ್ವಿಟ್ಜರ್ಲೆಂಡ್. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಮುತ್ತಲೂ ಮೈರಾಡ ಕೆಲಸ ಮಾಡುತ್ತಿತ್ತು. ದೊಡ್ಡ ಸಹಕಾರ ಸಂಘಗಳು ಒಡೆದುಹೋದ ಕಡೆ ಹದಿನೈದಿಪ್ಪತ್ತು ಮಂದಿ, ಒಬ್ಬರನ್ನೊಬ್ಬರು ನಂಬುವವರು, ತಾವಾಗಿಯೇ ಗುಂಪು ಕಟ್ಟಿಕೊಂಡು ಉಳಿತಾಯ ಮಾಡತೊಡಗಿದ್ದನ್ನು ಆ ಸಂಸ್ಥೆಯವರು 1980ರ ದಶಕದ ನಡುವೆ ಗಮನಿಸಿದರು. ಅಡವು ಇಡಲು ಏನೂ ಇಲ್ಲದ, ಓದುಬರಹ ಬಾರದ ಇಂಥ ಹೆಂಗಸರ ಗುಂಪಿಗೆ ಬ್ಯಾಂಕು ನೇರವಾಗಿ ಸಾಲ ಕೊಟ್ಟೀತೇ? 1991ರ ಡಿಸೆಂಬರ್ 9ರಂದು ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಮುದುಗುಳಿ ಗ್ರಾಮದ ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. ಸ್ವಸಹಾಯ ಸಂಘಕ್ಕೂ ಬ್ಯಾಂಕಿಗೂ ದೇಶದಲ್ಲಿ ಬಿದ್ದ ಮೊದಲ ಗಂಟುಗಳಲ್ಲಿ ಇದೊಂದು. ಮರುವರ್ಷ ನಬಾರ್ಡ್ 500 ಸಂಘಗಳೊಡನೆ ಪ್ರಯೋಗ ಆರಂಭಿಸಿತು. ಇಂದು ಇಂಥ ಸಂಘಗಳಲ್ಲಿ ಸೇರಿರುವ ಕುಟುಂಬಗಳು ಕೋಟಿಗಟ್ಟಲೆ. ಚಿನ್ನವನ್ನು ಹೊರಸಾಗಿಸಿದ ಪೇಟೆಯೇ ಚಿನ್ನ ಅಡವಿಡಲು ಇಲ್ಲದವರಿಗೆ ಮೊದಲು ಸಾಲ ಕೊಟ್ಟಿತೆಂಬುದು ವಿನೋದವಲ್ಲವೇ.

ಬಾಗಿಲು ಮುಚ್ಚಿದ ಬಗೆ

1998ರ ಮೇ ತಿಂಗಳ 11 ಮತ್ತು 13ರಂದು ಪೋಖರಣದಲ್ಲಿ ಭಾರತ ಅಣುಸ್ಫೋಟ ನಡೆಸಿತು. ಸಣ್ಣ ದೇಶಗಳು ಇದನ್ನು ದೊಡ್ಡ ದೇಶಗಳಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವು. ಡೆನ್ಮಾರ್ಕ್ ಹೊಸ ನೆರವನ್ನು ನಿಲ್ಲಿಸಿ, ನಡೆಯುತ್ತಿದ್ದ ಕೆಲಸಗಳನ್ನು ಕ್ರಮೇಣ ಮುಗಿಸಲು ತೀರ್ಮಾನಿಸಿತು. ಬಾಂಬಿಗೆ ಹಣವಿರುವ ದೇಶಕ್ಕೆ ಕೊಳಾಯಿಗೆ ಹಣ ಬೇಕೇ ಎಂಬುದು ಅಲ್ಲಿನವರ ಪ್ರಶ್ನೆ. ಬಾಂಬಿನ ನಿರ್ಧಾರ ದೆಹಲಿಯದು, ಬಿಂದಿಗೆ ಹೊತ್ತವಳು ಮಾಲೂರು ಮುಳಬಾಗಿಲಿನವಳು. ಶಿಕ್ಷೆ ತಲುಪಿದ್ದು ಬಿಂದಿಗೆಗೆ.

ಐದು ವರ್ಷಗಳ ಅನಂತರ ಸರದಿ ತಿರುಗಿತು. 2003ರ ಫೆಬ್ರವರಿ 28ರಂದು ಅರ್ಥಸಚಿವ ಜಸ್ವಂತ್ ಸಿಂಗ್ ಆಯವ್ಯಯ ಮಂಡಿಸುತ್ತ, ಸಣ್ಣ ಮೊತ್ತದ ನೆರವು ಕೊಡುವ ದೇಶಗಳಿಗೆ ಕೃತಜ್ಞತೆ ಅರ್ಪಿಸಿ, ಇನ್ನು ಮೇಲೆ ಅವರಿಗೆ ಆ ಶ್ರಮ ಬೇಡವೆಂದು ನಯವಾಗಿ ಸೂಚಿಸಿದರು. ಬೇಕಾದರೆ ಆ ಹಣ ಸ್ವಯಂಸೇವಾ ಸಂಸ್ಥೆಗಳಿಗೆ ಹೋಗಲಿ ಎಂದರು. ಅಮೆರಿಕ, ಬ್ರಿಟನ್, ಜಪಾನ್, ಜರ್ಮನಿ, ರಷ್ಯ ಹಾಗೂ ಐರೋಪ್ಯ ಒಕ್ಕೂಟ, ಇಷ್ಟನ್ನೇ ಉಳಿಸಿಕೊಂಡು ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್ಲೆಂಡ್ಸ್‌ಗಳಿಗೆ ವಂದನೆ ಹೇಳಲಾಯಿತು. 2004ರ ಸೆಪ್ಟೆಂಬರಿನಲ್ಲಿ ನಿಯಮ ತುಸು ಸಡಿಲಿತಾದರೂ, ಐರೋಪ್ಯ ಒಕ್ಕೂಟದ ಸಣ್ಣ ದೇಶಗಳಿಗೆ ವರ್ಷಕ್ಕೆ ಕನಿಷ್ಠ 2.5 ಕೋಟಿ ಡಾಲರಿನ ಹೊಸ್ತಿಲು ಇಡಲಾಯಿತು. ಅದೇ ಆಯವ್ಯಯ ಭಾಷಣದಲ್ಲಿ, ತೀರ ಬಡದೇಶಗಳ ಸಾಲ ಮನ್ನಾ ಮಾಡುವ ಮಾತನ್ನೂ ಭಾರತ ಆಡಿತು. ಬೇಡುವ ಪಂಕ್ತಿಯಿಂದ ಎದ್ದು ಬಡಿಸುವ ಪಂಕ್ತಿಗೆ ಹೋಗಬೇಕೆಂಬ ಆಸೆ ಸಹಜವಾದದ್ದೇ. ಆದರೆ ಸಣ್ಣ ದೇಶಗಳ ಯೋಜನೆಗಳಲ್ಲಿ ಹಣ ಕಡಿಮೆಯಾದರೂ ಹಳ್ಳಿಯ ಮೂಲೆಗೆ ಹೋಗಿ ಕೇಳುವ, ಕಲಿಯುವ ತಾಳ್ಮೆ ಹೆಚ್ಚಿತ್ತು. ಅದರ ಬೆಲೆಯನ್ನು ಡಾಲರಿನ ಹೊಸ್ತಿಲಿನಿಂದ ಅಳೆದವರು ಅವಸರಪಟ್ಟರೆಂದೇ ಹೇಳಬೇಕು.

ಈ ನಡುವೆ ಚಿನ್ನದ ಗಣಿಗಳು ಮುಚ್ಚಿದವು. ಸಾವಿರಾರು ಕುಟುಂಬಗಳ ಅನ್ನ ಒಂದೇ ದಿನದಲ್ಲಿ ಹೋಯಿತು. ಸೈನೈಡ್ ಗುಡ್ಡಗಳ ಧೂಳು ಬೇಸಿಗೆಯ ಗಾಳಿಗೆ ಊರಿನ ಮೇಲೆ ಹಾರುತ್ತ ಉಳಿಯಿತು. ಇಲ್ಲಿಗೆ ಯಾವ ದೇಶದ ನೆರವೂ ಹೇಳಿಕೊಳ್ಳುವಂತೆ ಬರಲಿಲ್ಲ. ನೆರವಿನ ಭಾಷೆಯಲ್ಲಿ ಬಡವನೆಂದರೆ ಹಳ್ಳಿಯವನು, ಹೊಲ ಅಥವಾ ಹಸು ಉಳ್ಳವನು, ಇಲ್ಲವೇ ಭೂಹೀನ ಕೂಲಿ. ಸರ್ಕಾರಿ ಉದ್ದಿಮೆಯ ಮಾಜಿ ನೌಕರ, ಪಟ್ಟಣದ ಲೈನು ಮನೆಯಲ್ಲಿ ವಾಸಿಸುವವನು, ಹೊಲವೂ ಇಲ್ಲದ ಹಸುವೂ ಇಲ್ಲದ ಗಣಿಯಾಳು ಯಾವ ಕಲಮಿನಲ್ಲೂ ಸೇರಲಿಲ್ಲ. ಪಕ್ಕದ ಹಳ್ಳಿಗೆ ಡೈರಿ ಬಂತು, ಸಂಘ ಬಂತು, ನಲ್ಲಿ ಬಂತು. ಗಣಿಯೂರಿಗೆ ಬಂದದ್ದು ಸ್ವಯಂ ನಿವೃತ್ತಿಯ ಚೀಟಿ.

ಡೆನ್ಮಾರ್ಕಿನ ಆದ್ಯತೆಗಳೂ ಅಂದಿನಂತಿಲ್ಲ. 2001ರಲ್ಲಿ ಅಲ್ಲಿ ಸರ್ಕಾರ ಬದಲಾದೊಡನೆ ನೆರವಿಗೆ ಕತ್ತರಿ ಬಿತ್ತು. 2015ರಲ್ಲಿ ಮತ್ತೊಮ್ಮೆ ಕಡಿತವಾಗಿ 0.7ಕ್ಕೆ ಇಳಿಯಿತು. ಆ ವೇಳೆಗೆ ಸಿರಿಯದಿಂದ ಬಂದ ನಿರಾಶ್ರಿತರನ್ನು ತಮ್ಮ ದೇಶದಲ್ಲೇ ಸಾಕುವ ವೆಚ್ಚವನ್ನೂ ವಿದೇಶೀ ನೆರವಿನ ಖಾತೆಗೆ ಬರೆದುಕೊಳ್ಳತೊಡಗಿದರು. 2022ರಲ್ಲಿ ಉಕ್ರೇನಿನವರ ವಿಷಯದಲ್ಲೂ ಹಾಗೆಯೇ ಆಯಿತು. ತಮ್ಮ ಊರಿನಲ್ಲೇ ಖರ್ಚಾದ ಹಣ ಪರದೇಶದ ದಾನ ಹೇಗಾದೀತೆಂದು ಅಲ್ಲಿನವರೇ ಜಗಳ ಆಡಿದ್ದಾರೆ. ಆದರೂ 2024ರಲ್ಲಿ 0.7ರ ಗುರಿ ಮುಟ್ಟಿದ ದೇಶಗಳು ಜಗತ್ತಿನ ಧನಿಕ ರಾಷ್ಟ್ರಗಳ ಪೈಕಿ ನಾಲ್ಕೇ: ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್, ಡೆನ್ಮಾರ್ಕ್. ಎಲ್ಲವೂ ಸಣ್ಣವು. ಭಾರತದೊಡನೆ ಡೆನ್ಮಾರ್ಕಿನ ಮಾತು ಈಗ ದಾನದ್ದಲ್ಲ, ವ್ಯವಹಾರದ್ದು. 2020ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳು ‘ಹಸಿರು’ ಸಹಭಾಗಿತ್ವದ ಒಪ್ಪಂದಕ್ಕೆ ಬಂದವು. ಅಂದು ಹೋರಿ ತಂದವರು ಇಂದು ಗಾಳಿಯಂತ್ರ ತರುತ್ತಾರೆ.

ಕೋಲಾರದ ನೀರಿನ ಪ್ರಶ್ನೆಗೆ ಉತ್ತರವೂ ಕೊನೆಗೆ ಬಂದದ್ದು ಹೊರದೇಶದಿಂದಲ್ಲ, ನೆರೆಯ ಬೆಂಗಳೂರಿನ ಚರಂಡಿಯಿಂದ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಅದರ ಶುದ್ಧಿಯ ವಿಷಯದಲ್ಲಿ ವಾದವಿವಾದ ನ್ಯಾಯಾಲಯದವರೆಗೂ ಹೋಯಿತು. ಆದರೆ ದಶಕಗಳ ಬಳಿಕ ಕೆಲವು ಕೆರೆಗಳು ತುಂಬಿದವು, ಬತ್ತಿದ ಕೊಳವೆ ಬಾವಿಗಳಲ್ಲಿ ನೀರು ಕಾಣಿಸಿತು, ಬದುಗಳ ಮೇಲೆ ಮತ್ತೆ ಹಸಿಹುಲ್ಲು ಎದ್ದಿತು.

ಹೆಸರಘಟ್ಟದ ಕೇಂದ್ರದಿಂದ ಈಗಲೂ ವೀರ್ಯದ ಕಡ್ಡಿಗಳು ಹೊರಡುತ್ತವೆ. ಅದು ಈಗ ಪೂರ್ತಿಯಾಗಿ ಭಾರತ ಸರ್ಕಾರದ್ದು. ಬಂಗಾರಪೇಟೆಯ ಸುತ್ತಿನ ಹಳ್ಳಿಗಳಲ್ಲಿ ನಸುಕಿನಲ್ಲೇ ಡೈರಿಯ ಮುಂದೆ ಕ್ಯಾನುಗಳ ಸದ್ದು ಕೇಳಿಸುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಒಂದು ಕಾಲದಲ್ಲಿ ಬಂಗಾರ ಹೊತ್ತ ಅದೇ ದಾರಿಯಲ್ಲಿ, ಮಾರಿಕುಪ್ಪದಿಂದ ಹೊರಟ ರೈಲು ಗಣಿಯಾಳುಗಳ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಿಕ್ಕಿರಿದು ತುಂಬಿಕೊಂಡು ಬೆಂಗಳೂರಿನ ಕೂಲಿಗೆ, ನೌಕರಿಗೆ ಹೋಗುತ್ತಿರುತ್ತದೆ.